ಏಳು ಡಾಲರ್ ಬೇಡ ಎಂದವರು

ನಾನು ಲೆಕ್ಕಪತ್ರ ಶಾಖೆಯಲ್ಲಿ ಸಂಬಳದ ಬಿಲ್ಲು, ಮಸ್ಟರ್ ರೋಲು ನೋಡಿಕೊಂಡು ನಿವೃತ್ತನಾದವನು. ಅಮೆರಿಕದ ಅಂತರ್ಯುದ್ಧಕ್ಕೆ ಸ್ವಯಂಸೇವಕರಾಗಿ ಹೋದ ಕಪ್ಪು ಜನರ 54ನೇ ಮ್ಯಾಸಚೂಸೆಟ್ಸ್ ಪದಾತಿ ದಳ, 1863ರ ಜುಲೈನಲ್ಲಿ ವ್ಯಾಗ್ನರ್ ಕೋಟೆಗೆ ನುಗ್ಗಿದ್ದು, ದಳದ ನಾಯಕ ಕರ್ನಲ್ ಶಾ ಅಲ್ಲೇ ಬಿದ್ದದ್ದು, ಇದೆಲ್ಲ ಒಳಗೆ ಪ್ರದರ್ಶನದ ಗೋಡೆಯ ಮೇಲಿದೆ, ಓದಿಕೊಳ್ಳಿ. ನಾನು ಅವರ ಸಂಬಳದ ವಿಷಯ ಹೇಳುತ್ತೇನೆ.

ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಸೇರಿಸಿಕೊಳ್ಳುವಾಗ ಇವರಿಗೂ ಅಷ್ಟೇ ಎಂದಿದ್ದರು. ಬಟವಾಡೆಯ ದಿನ ಅದು 10 ಆಯಿತು, ಬಟ್ಟೆಗೆಂದು 3 ಮುರಿದುಕೊಂಡು ಕೈಗೆ 7. ಬೇಡ ಎಂದರು. ವ್ಯತ್ಯಾಸ ನಾವು ತುಂಬಿಕೊಡುತ್ತೇವೆ ಎಂದು ಮ್ಯಾಸಚೂಸೆಟ್ಸ್ ರಾಜ್ಯ ಮುಂದೆ ಬಂತು. ಅದೂ ಬೇಡ. ಮನೆಯಲ್ಲಿ ಹೆಂಡತಿ ಮಕ್ಕಳು ಉಪವಾಸ, ಇವರು ಸಂಬಳವಿಲ್ಲದೆ ಯುದ್ಧ ಮಾಡುತ್ತಲೇ ಇದ್ದರು.

1864ರ ಜೂನ್‌ನಲ್ಲಿ ಸಮಾನ ಸಂಬಳದ ಕಾನೂನೇನೋ ಬಂತು, ಜೊತೆಗೊಂದು ಕೊಕ್ಕೆ: 1861ರ ಏಪ್ರಿಲ್ 19ರಂದು ಸ್ವತಂತ್ರನಾಗಿದ್ದವನಿಗೆ ಮಾತ್ರ ಪೂರ್ತಿ ಬಾಕಿ. ದಳದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರೂ ಇದ್ದರಲ್ಲ? ಶಾ ಜಾಗಕ್ಕೆ ಬಂದ ಕರ್ನಲ್ ಹ್ಯಾಲೊವೆಲ್ ಒಂದು ಪ್ರಮಾಣ ಬರೆಸಿದ. ಆ ತಾರೀಖಿಗೆ ನಾನು ಯಾರಿಗೂ ಬಿಟ್ಟಿ ದುಡಿಯಬೇಕಾದ ಋಣದಲ್ಲಿರಲಿಲ್ಲ ಎಂದು. ಯಾವ ಮನುಷ್ಯ ತಾನೇ ಇರುತ್ತಾನೆ! ಎಲ್ಲರೂ ಧಾರಾಳವಾಗಿ ಪ್ರಮಾಣ ಮಾಡಿದರು. ಆಡಿಟ್‌ನವರ ಬಾಯಿ ಕಟ್ಟುವ ಇಂಥ ಒಕ್ಕಣೆ ನಾನು ಸರ್ವಿಸ್‌ನಲ್ಲೇ ಕಂಡಿಲ್ಲ.

ಇದೇ ದಳದ ಗುಡಿಂಗ್ ಎಂಬ ಕಾರ್ಪೊರಲ್, ಹಿಂದೆ ತಿಮಿಂಗಿಲ ಬೇಟೆಯ ಹಡಗಿನಲ್ಲಿದ್ದವ, ಈ ಸಂಬಳಕ್ಕಾಗಿ 1863ರಲ್ಲಿ ಲಿಂಕನ್‌ಗೇ ಕಾಗದ ಬರೆದಿದ್ದ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಬಾಕಿ ಬರುವಷ್ಟರಲ್ಲಿ ಶತ್ರುಗಳ ಆಂಡರ್ಸನ್‌ವಿಲ್‌ನ ಸೆರೆಶಿಬಿರದಲ್ಲಿ ತೀರಿಕೊಂಡಿದ್ದ.

ಇಷ್ಟೆಲ್ಲ ಇವತ್ತು ಗೊತ್ತಿರುವುದು ಕಾಗದ ಉಳಿದದ್ದರಿಂದ. ನಮ್ಮಲ್ಲಿ? ರಸ್ತೆ ಕೆಲಸದ ಹೆಣ್ಣುಮಕ್ಕಳು ಶಾಯಿಯ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಹೆಬ್ಬೆಟ್ಟುಗಳಿದ್ದ ಮಸ್ಟರ್ ರೋಲುಗಳನ್ನು ಒಂದು ಕಚೇರಿಯಲ್ಲಿ, ಹೆಸರು ಬೇಡ, ಕಿಲೋ ಲೆಕ್ಕದಲ್ಲಿ ರದ್ದಿಗೆ ತೂಗಿದರು. ಆಮೇಲೆ ಆ ಹೆಣ್ಣುಮಕ್ಕಳೇ ಕೆಲಸ ಕಾಯಂ ಮಾಡಿ ಎಂದು ಬಂದರೆ, ದಾಖಲೆ ತನ್ನಿ ಎಂದರು!

ಮಕ್ಕಳೇ, ಮುಂದಿನ ವರ್ಷ ನಿಮ್ಮ ತಾಲೂಕಿನ ಮಸ್ಟರ್ ರೋಲುಗಳನ್ನೇ ಪ್ರದರ್ಶನಕ್ಕಿಡಿ. ಸಿಗುವುದಿಲ್ಲ ಎನ್ನುತ್ತಾರೆ, ಮಾಹಿತಿ ಹಕ್ಕಿನಲ್ಲಿ ಕೇಳಿ; ಅರ್ಜಿ ನಾನು ಬರೆದುಕೊಡುತ್ತೇನೆ. ಎಲ್ಲಿ, ಕತ್ತರಿ ಕೊಡಿ.