ತೆರಿಗೆಗೂ ಬಡ್ಡಿ ಕಟ್ಟುವವರು ನಾವು

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರ ಮುಂದೆ ಮಾಡಿದ ಭಾಷಣ)



ರೈತನಿಗೆ ಆದಾಯ ತೆರಿಗೆ ಇಲ್ಲ, ಅವನಿಗೆ ಎಲ್ಲಾ ಬಿಟ್ಟಿ ಅಂತ ಪೇಟೆಯವರು ಆಡಿಕೊಳ್ತಾರೆ. ನಮ್ಮಲ್ಲೂ ಕೆಲವರು ಅದನ್ನು ನಂಬಿದ್ದೀರಿ. ಇದು ಸುಳ್ಳು. ಲೆಕ್ಕ ಹೇಳ್ತೀನಿ, ಕೇಳಿ.

2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ಕ್ಕೆ ಏರಿಸಿತು. 2025ರ ಏಪ್ರಿಲ್ 1ರಿಂದ ಶೇ. 21.17 ಮಾಡಿತು. ಬೆಂಗಳೂರಿನಲ್ಲಿ ಲೀಟರ್ ಬೆಲೆ 91 ರೂಪಾಯಿ ಮುಟ್ಟಿತು. ಅದೇ ತಿಂಗಳು ಕೇಂದ್ರವೂ ಅಬಕಾರಿ ಸುಂಕಕ್ಕೆ 2 ರೂಪಾಯಿ ಕೂಡಿಸಿತು. ಕೇಂದ್ರದ ಸುಂಕ ಸೇರಿದ ಬೆಲೆಯ ಮೇಲೆ ರಾಜ್ಯದ ತೆರಿಗೆ. ಅಂದರೆ ತೆರಿಗೆಯ ಮೇಲೆ ತೆರಿಗೆ! ಎರಡೂ ಸೇರಿ ಆಗ ಲೀಟರಿಗೆ 30 ರೂಪಾಯಿ ಮೀರಿತ್ತು. ಟ್ರಾಕ್ಟರ್ ಗಂಟೆಗೆ 4 ಲೀಟರ್ ಕುಡಿಯಿತು ಎಂದಿಟ್ಟುಕೊಳ್ಳಿ. ಒಂದು ಗಂಟೆ ಉಳುಮೆಯಲ್ಲಿ 120 ರೂಪಾಯಿಗೂ ಮೇಲೆ ತೆರಿಗೆಗೇ ಹೋಯಿತು.

"ಟ್ರಾಕ್ಟರ್ ನನ್ನದಲ್ಲ, ನನಗೇನು?" ಅಂತ ಎರಡು ಎಕರೆಯವನು ಅಂದುಕೊಂಡರೆ ಮೋಸ ಹೋದ. ಟ್ರಾಕ್ಟರಿನವನು ಅದನ್ನು ಬಾಡಿಗೆಗೆ ಸೇರಿಸುತ್ತಾನೆ. ಲಾರಿಯವನು ಸಾಗಾಣಿಕೆಗೆ ಸೇರಿಸುತ್ತಾನೆ. ಅಂಗಡಿಯವನು ಬೇಳೆಗೆ, ಎಣ್ಣೆಗೆ ಸೇರಿಸುತ್ತಾನೆ. ಸೇರಿಸಲು ಜಾಗವಿಲ್ಲದವರು ಇಬ್ಬರೇ: ರೈತ ಮತ್ತು ಕೂಲಿಯವನು.

ನಮ್ಮ ಆಲೂಗಡ್ಡೆಯನ್ನೇ ನೋಡಿ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಬರಬೇಕು. ಆ ಬಾಡಿಗೆ ನಾವೇ ತೆರುತ್ತೇವೆ. ಬೆಳೆದ ಮೇಲೆ ಹಾಸನದ ಮಾರುಕಟ್ಟೆಗೆ ಒಯ್ಯುವ ಬಾಡಿಗೆಯೂ ನಮ್ಮದೇ. ಅಲ್ಲಿ ಬೆಲೆ ಹೇಳುವವನು ಮಾತ್ರ ಬೇರೆಯವನು. ಆಲೂಗಡ್ಡೆಗೆ ಬೆಂಬಲ ಬೆಲೆಯೂ ಇಲ್ಲ. ಬರುವಾಗಲೂ ನಾವೇ, ಹೋಗುವಾಗಲೂ ನಾವೇ ಕೊಡಬೇಕು ಅಂದರೆ ಇದು ಯಾವ ನ್ಯಾಯ ಸ್ವಾಮಿ?

ಮುಂಗಾರಿನಲ್ಲಿ ಉಳುಮೆಗೆ ನಮ್ಮ ಕೈಯಲ್ಲಿ ಕಾಸು ಎಲ್ಲಿರುತ್ತೆ? ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತರುತ್ತೇವೆ. ಅದರೊಳಗೆ ಡೀಸೆಲ್ ತೆರಿಗೆಯೂ ಇದೆ. ತೆರಿಗೆಗೂ ಬಡ್ಡಿ ಕಟ್ಟುವ ಜನ ಈ ದೇಶದಲ್ಲಿ ನಾವು!

ರಸ್ತೆಗೆ, ಆಸ್ಪತ್ರೆಗೆ ಹಣ ಬೇಡವೇ ಅಂತಾರೆ. ಬೇಕು, ಒಪ್ತೀವಿ. ಆದರೆ ದೊಡ್ಡ ಕಾರಿನ ಧಣಿಗೂ, ಟೆಂಪೋದಲ್ಲಿ ಕಳೆ ಕೀಳಲು ಹೋಗುವ ಹೆಣ್ಣುಮಗಳಿಗೂ ಒಂದೇ ದರವೇ? 2021ರಲ್ಲಿ ಕೇಂದ್ರವು ಕೃಷಿ ಮೂಲಸೌಕರ್ಯದ ಹೆಸರಿನಲ್ಲಿ ಡೀಸೆಲ್ಲಿಗೆ 4 ರೂಪಾಯಿ ಸೆಸ್ ಹಾಕಿತು. ಬೆಲೆ ಏರದಂತೆ ಬೇರೆ ಸುಂಕ ಇಳಿಸಿದರು, ನಿಜ. ಆದರೆ ಸೆಸ್ಸಿನ ಹಣದಲ್ಲಿ ರಾಜ್ಯಕ್ಕೆ ಪಾಲಿಲ್ಲ. 2022ರ ಬಜೆಟ್ಟಿನಲ್ಲಿ ರಾಜ್ಯವು ರೈತಶಕ್ತಿ ಎಂದು ಎಕರೆಗೆ 250 ರೂಪಾಯಿ ಡೀಸೆಲ್ ಸಹಾಯಧನ ಘೋಷಿಸಿತು. ಎಷ್ಟು ಗಂಟೆ ಉಳುಮೆಗೆ ಅದು ಸಾಕು? ಪಹಣಿ ಇಲ್ಲದ ಗೇಣಿದಾರನಿಗೆ ಅದೂ ದಕ್ಕುವುದು ಕಷ್ಟ.

1980ರಲ್ಲಿ ನರಗುಂದ, ನವಲಗುಂದದ ರೈತರು ನೀರಿನ ಕರ, ಬೆಟರ್‌ಮೆಂಟ್ ಲೆವಿ ವಿರುದ್ಧ ಎದ್ದು ನಿಂತರು. ಆ ಕರಕ್ಕೆ ನೋಟೀಸು ಬರುತ್ತಿತ್ತು, ಅದು ಕಣ್ಣಿಗೆ ಕಾಣುತ್ತಿತ್ತು. ಈ ತೆರಿಗೆಗೆ ನೋಟೀಸೂ ಇಲ್ಲ, ರಸೀದಿಯೂ ಇಲ್ಲ. ಅದಕ್ಕೇ ನಾವು ಸುಮ್ಮನಿದ್ದೇವೆ.

ಇವತ್ತಿನಿಂದ ಮನೆಗೊಂದು ಪುಸ್ತಕ ಇಡಿ. ಉಳುಮೆ ಎಷ್ಟು ಗಂಟೆ, ಸಾಗಾಣಿಕೆ ಎಷ್ಟು, ಸಾಲ ಎಷ್ಟು, ಎಲ್ಲಾ ಬರೆಯಿರಿ. ಉಳುಮೆಯ ಡೀಸೆಲ್ ತೆರಿಗೆ ವಾಪಸ್ ಕೊಡಿ, ಗೇಣಿದಾರನಿಗೂ ಕೊಡಿ ಅಂತ ಕೇಳಲು ಆ ಪುಸ್ತಕ ಹಿಡಿದೇ ಹೋಗೋಣ. ಲೆಕ್ಕ ಇಟ್ಟವನನ್ನು ಬಿಟ್ಟಿ ತಿನ್ನುವವನು ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.