ರಕ್ತಶುದ್ಧಿಯ ಭ್ರಮೆ ಮತ್ತು ವಂಶವಾಹಿಗಳ ಸಾಕ್ಷ್ಯ

(ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



1449ರಲ್ಲಿ ಸ್ಪೇನಿನ ಟೊಲೆಡೊ ನಗರದಲ್ಲಿ 'ರಕ್ತಶುದ್ಧಿ'ಯ ಶಾಸನವೊಂದು ಹೊರಬಂತು. ಯಹೂದಿ ಮೂಲದವರು ಕ್ರೈಸ್ತರಾಗಿದ್ದರೂ ನಗರದ ಅಧಿಕಾರ ಸ್ಥಾನಗಳಿಗೆ ಅನರ್ಹರೆಂದು ಅದು ಸಾರಿತು. ಮುಂದೆ ಇಂತಹ ನಿಯಮಗಳು ಮುಸ್ಲಿಮ್ ಮೂಲದವರಿಗೂ ಅನ್ವಯವಾದವು. 1492ರಲ್ಲಿ ಗ್ರನಡಾ ಪತನವಾಯಿತು. ಬಲವಂತದ ಮತಾಂತರದ ಬಳಿಕವೂ ಮೊರಿಸ್ಕೊಗಳ ಮೇಲಿನ ಸಂಶಯ ನೀಗಲಿಲ್ಲ. 1609ರಿಂದ 1614ರ ನಡುವೆ ಅವರಲ್ಲಿ ಸುಮಾರು 3 ಲಕ್ಷ ಮಂದಿಯನ್ನು ದೇಶದಿಂದ ಹೊರಹಾಕಲಾಯಿತು.

ನೆಲ ಶುದ್ಧವಾಯಿತೆಂದು ಆಳುವವರು ಭಾವಿಸಿದರು. ಆದರೆ ವಂಶವಾಹಿಗಳು ಬೇರೆಯೇ ಕತೆ ಹೇಳುತ್ತವೆ. ತಂದೆಯಿಂದ ಮಗನಿಗೆ ಮಾತ್ರ ಹರಿದುಬರುವ ವೈ ವರ್ಣತಂತುವಿನಲ್ಲಿ ಇ-ಎಂ81 ಎಂಬ ಗುರುತೊಂದಿದೆ. ಉತ್ತರ ಆಫ್ರಿಕಾದ ಅಮಾಝಿಗ್ ಅಥವಾ ಬರ್ಬರ್ ಜನರಲ್ಲಿ ಅದು ಬಹಳ ಸಾಮಾನ್ಯ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ವೈ ವರ್ಣತಂತುವನ್ನು ಪರೀಕ್ಷಿಸಿ, ಸ್ಪೇನ್ ಮತ್ತು ಪೋರ್ಚುಗಲ್‌ನ ಪುರುಷರ ಪಿತೃಪರಂಪರೆಯಲ್ಲಿ ಸರಾಸರಿ ಶೇ. 10.6ರಷ್ಟು ಉತ್ತರ ಆಫ್ರಿಕಾ ಮೂಲದ್ದೆಂದು ಅಂದಾಜಿಸಿತು. 2019ರ ಇನ್ನೊಂದು ಅಧ್ಯಯನದ ಪ್ರಕಾರ ಈ ಅಂಶ ಪಶ್ಚಿಮ ಭಾಗದಲ್ಲಿ ಹೆಚ್ಚು. ಮುಸ್ಲಿಮ್ ಆಳ್ವಿಕೆ ಬಹುಬೇಗ ಮುಗಿದುಹೋದ ಗಲೀಸಿಯಾದಲ್ಲಿಯೂ ಅದು ಕಂಡುಬಂತು. ರಾಜರು ಗಡಿಗಳನ್ನು ಎಳೆದರು. ಜನರು ಅವನ್ನು ದಾಟಿ ಬೆರೆತರು.

ಹಾಗೆಂದು ಈ ವಿಜ್ಞಾನದಿಂದ ಹೊಸದೊಂದು ಕುಲಾಭಿಮಾನವನ್ನು ಕಟ್ಟಿಕೊಳ್ಳುವುದೂ ಸರಿಯಲ್ಲ. 14 ತಲೆಮಾರು, ಅಂದರೆ ಸುಮಾರು 400 ವರ್ಷ ಹಿಂದಕ್ಕೆ ಹೋದರೆ ಪ್ರತಿಯೊಬ್ಬರ ವಂಶವೃಕ್ಷದಲ್ಲಿ 16,384 ಪೂರ್ವಜರ ಸ್ಥಾನಗಳಿರುತ್ತವೆ. ವೈ ವರ್ಣತಂತು ಮಾತನಾಡುವುದು ಅವರಲ್ಲಿ ಒಬ್ಬನ ಬಗ್ಗೆ ಮಾತ್ರ. ಉಳಿದ ಅಂಶವು ಪ್ರತಿ ತಲೆಮಾರಿನಲ್ಲಿ ಅರ್ಧವಾಗುತ್ತಾ ಬರುವುದರಿಂದ ಅನೇಕ ಪೂರ್ವಜರ ಕುರುಹೇ ಉಳಿಯುವುದಿಲ್ಲ. ಆದ್ದರಿಂದ ಗುರುತು ಸಿಗದಿದ್ದರೆ ಸಂಬಂಧವಿಲ್ಲವೆಂದು ಅರ್ಥವಲ್ಲ. ಸಿಕ್ಕರೂ ಆ ಪೂರ್ವಜ ಯಾವ ಧರ್ಮದವನಾಗಿದ್ದನೆಂದು ಅದು ಹೇಳದು. ವಿಶ್ವಾಸವು ವರ್ಣತಂತುವಿನಲ್ಲಿ ಹರಿಯುವುದಿಲ್ಲ.

ಸ್ಪೇನಿನ ರಕ್ತಶುದ್ಧಿಯನ್ನು ಖಂಡಿಸುವುದು ಸುಲಭ. ಆದರೆ ಧರ್ಮನಿಷ್ಠೆಯೇ ಶ್ರೇಷ್ಠತೆಯ ಮಾನದಂಡವೆಂದು ವೇದಿಕೆಗಳಲ್ಲಿ ಸಾರುವ ನಾವು, ಮಗಳಿಗೆ ಸಂಬಂಧ ಬಂದಾಗ ಹುಡುಗನ ಗುಣಕ್ಕಿಂತ ಮೊದಲು ಮನೆತನವನ್ನು ವಿಚಾರಿಸುವುದಿಲ್ಲವೇ? ಯೋಗ್ಯನೊಬ್ಬನನ್ನು 'ನಮ್ಮ ಖಾಂದಾನಿಗೆ ಸರಿಹೊಂದುವುದಿಲ್ಲ' ಎಂದು ಮರಳಿಸುವಾಗ ನಾವೂ ಟೊಲೆಡೊದ ಆ ಶಾಸನಕ್ಕೆ ಸಹಿ ಹಾಕುತ್ತಿದ್ದೇವೆ. ಈ ಪ್ರಶ್ನೆಯನ್ನು ಇಂದು ಮನೆಗೆ ಕೊಂಡೊಯ್ಯೋಣ.