ಶೇಂಗಾ ರಾಶಿಯ ಪಕ್ಕದಲ್ಲೊಂದು ಪಾಠಶಾಲೆ

(ಉಪನ್ಯಾಸದ ಬರಹರೂಪ)



ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕಿತ್ತು ಬಳ್ಳಿಯಿಂದ ಕಾಯಿ ಬಿಡಿಸುವ ಕಾಲಕ್ಕೆ ಮನೆಯ ಹೆಂಗಸರೆಲ್ಲ ಹೊಲದಲ್ಲಿರುತ್ತಾರೆ. ಮರದ ನೆರಳಿನಲ್ಲಿ ಮೂರು ವರ್ಷದ ಮಗು ಮೊಬೈಲ್ ಹಿಡಿದು ಕುಳಿತಿರುತ್ತದೆ. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿಯೂ ಚಿತ್ರ ಬೇರೆಯಲ್ಲ. ತಂದೆ ಮಗ್ಗದ ಗುಂಡಿಯಲ್ಲಿ, ತಾಯಿ ರಾಟೆಯ ಮುಂದೆ. ರೇಷ್ಮೆಯ ಎಳೆಗೆ ಕೈ ಹಾಕದಿರಲೆಂದು ಮಗುವಿನ ಕೈಗೆ ಮೊಬೈಲ್. ಮಲೆನಾಡಿನವರು ಇದನ್ನು ಕೇಳಿ ಮೂಗು ಮುರಿಯಬೇಕಾಗಿಲ್ಲ. ಅಲ್ಲಿ ಬಿಸಿಲಿನ ನೆಪ, ಇಲ್ಲಿ ಜಡಿಮಳೆಯ ನೆಪ, ಅಷ್ಟೇ.

ಆದ್ದರಿಂದ ಈ ವಿಷಯವನ್ನು ತಾಯಂದಿರ ಸೋಮಾರಿತನವೆಂದು ತೀರ್ಪು ಕೊಟ್ಟು ಮುಗಿಸುವುದು ಅನ್ಯಾಯ. ಅವರ ಎರಡೂ ಕೈಗಳಿಗೆ ಕೆಲಸವಿದ್ದಾಗ ಮೊಬೈಲ್ ಒಳಗೆ ಬಂದಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅದೇ ಶಾಲೆಯೂ ಆಯಿತು. ಶಾಲೆಯ ಬಾಗಿಲು ತೆರೆದ ಮೇಲೂ ಅದು ಮಕ್ಕಳ ಕೈಬಿಡಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಕಾರಣ ಕಣ್ಣಿನದು ಮಾತ್ರವಲ್ಲ. "ಅವ್ವಾ, ಇದೇನು?" ಎಂದು ಮಗು ಕೇಳಿದರೆ ಯಾರಾದರೂ ಉತ್ತರಿಸಬೇಕು, ಉತ್ತರಕ್ಕೆ ಮಗು ಮತ್ತೊಂದು ಪ್ರಶ್ನೆ ಹಾಕಬೇಕು. ಮಾತು ಬೆಳೆಯುವುದು ಈ ಕೊಡುಕೊಳ್ಳುವಿಕೆಯಿಂದ. ಪರದೆ ಮಾತನಾಡುತ್ತಲೇ ಹೋಗುತ್ತದೆ, ಮಗುವಿನ ಮಾತಿಗೆ ಕಾಯುವುದಿಲ್ಲ. ಕಲಿಕೆಯ ಆ್ಯಪ್ ಎಂಬ ಹೆಸರಿಟ್ಟರೂ ಗಾಜಿನ ಮೇಲೆ ಹತ್ತಿಯ ಚಿತ್ರ, ಕಲ್ಲಿನ ಚಿತ್ರ ಎರಡೂ ಬೆರಳಿಗೆ ಒಂದೇ ನುಣುಪು.

ಪರ್ಯಾಯವೇನು? ಪೇಟೆಯ ಆಟಿಕೆಯಲ್ಲ. ಆ ಹೊಲದಲ್ಲಿಯೇ ಬಿದ್ದಿರುವ ಶೇಂಗಾ ರಾಶಿ. ಕಾಯಿಯನ್ನು ಕಿವಿಯ ಬಳಿ ಅಲುಗಾಡಿಸಿದರೆ ಒಣಗಿದ್ದು ಗಲಗಲ ಎನ್ನುತ್ತದೆ, ಹಸಿಯದು ಸುಮ್ಮನಿರುತ್ತದೆ. ಒಳಗೆ ಬೀಜವೆಷ್ಟು ಎಂದು ಮಗು ಮೊದಲು ಊಹಿಸಲಿ, ಆಮೇಲೆ ಅಜ್ಜಿ ಒಡೆದು ತೋರಿಸಲಿ. ಆ ಭಾಗದ ರೈತರು ಬಹುಕಾಲದಿಂದ ಬೆಳೆದ ಟಿಎಂವಿ-2 ತಳಿಯಲ್ಲಿ ಸಾಮಾನ್ಯವಾಗಿ ಎರಡೇ ಬೀಜ. ಒಂದೇ ಇದ್ದಾಗ ಮಗುವಿಗೆ ಆಶ್ಚರ್ಯ. ಸಿಪ್ಪೆಯ ಒಳಮೈ ಬೆಳ್ಳಗಿದ್ದರೆ ಎಳೆಯ ಕಾಯಿ, ಕಂದುಗಪ್ಪಾಗಿದ್ದರೆ ಬಲಿತದ್ದು. ಕೀಳುವ ಹದ ಬಂದಿದೆಯೇ ಎಂದು ನೋಡಲು ಕೃಷಿ ವಿಜ್ಞಾನಿಗಳು ಬಳಸುವ ಪರೀಕ್ಷೆಯೂ ಇದೇ! ಐದು ವರ್ಷದ ಮಗು ಎರಡು ಗುಡ್ಡೆಗಳಾಗಿ ಸಿಪ್ಪೆಯನ್ನು ಬೇರ್ಪಡಿಸಬಲ್ಲದು. ಬುಡ ಸಹಿತ ಕಿತ್ತ ಒಂದು ಗಿಡವನ್ನು ಮುಂದಿಟ್ಟರಂತೂ ಪಾಠ ಮುಗಿಯುವುದೇ ಇಲ್ಲ: ಹೂವು ಮೇಲೆ, ಕಾಯಿ ಕೆಳಗೆ, ನಡುವೆ ಮಣ್ಣಿಗಿಳಿದ ಸೂಜಿಯಂತಹ ಎಳೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಲೇಬೇಕು. ಐದು ವರ್ಷ ತುಂಬದ ಮಗುವಿನ ಕೈಗೆ ಬಿಡಿ ಬೀಜ ಕೊಡಬಾರದು. ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೆ ಅಪಾಯ, ಮೂಗಿಗೂ ತುರುಕಿಕೊಳ್ಳುತ್ತದೆ. ಅಂಥವರಿಗೆ ಇಡೀ ಕಾಯಿ ಮಾತ್ರ, ಅದೂ ಹಿರಿಯರ ಕಣ್ಣೆದುರು. ಇನ್ನೂ ಚಿಕ್ಕವರಿಗೆ ಮರದ ಸೌಟು, ಲೋಟ, ಬುಟ್ಟಿ ಸಾಕು. ಹರಳು ಬೀಜ, ಗುಲಗಂಜಿ ನೋಡಲು ಚೆಂದ, ಆದರೆ ವಿಷ. ಯಾವ ವಯಸ್ಸಿನವರ ಆಟಕ್ಕೂ ಅವು ಸಲ್ಲ.

ಸ್ವಲ್ಪ ದೊಡ್ಡವರಿಗೆ ಜೋಳದ ದಂಟಿನ ಬಂಡಿ ಇದೆ, ನೆಲದಲ್ಲಿ ಗುಳಿ ತೋಡಿ ಹುಣಸೆ ಬೀಜದಿಂದ ಆಡುವ ಅಳಗುಳಿ ಇದೆ. ಏಳೇಳು ಗುಳಿಗಳ ಎರಡು ಸಾಲಿನಲ್ಲಿ ಬೀಜ ಹಂಚುತ್ತಾ ಹೋಗುವ ಮಗು ಕೂಡುವುದನ್ನೂ ಕಳೆಯುವುದನ್ನೂ ಪುಸ್ತಕವಿಲ್ಲದೆ ಕಲಿಯುತ್ತದೆ. ನೇಕಾರರ ಮನೆಯಲ್ಲಿ ಬಣ್ಣದ ತುಂಡು ನೂಲುಗಳನ್ನು ಬಣ್ಣದಂತೆ ಜೋಡಿಸುವುದೇ ಆಟ. ಎಳೆ ಎಣಿಸಿ ಬುಟ್ಟಾ ಮೂಡಿಸುವವರ ಮನೆಯಲ್ಲಿ ಎಣಿಕೆ ಕಲಿಸಲು ಯಂತ್ರ ಬೇಕೇ?

ಆದರೆ ಮಗುವಿನ ಪಕ್ಕದಲ್ಲಿ ಕೂರುವವರು ಯಾರು? ಹತ್ತು ವರ್ಷದ ಅಕ್ಕನನ್ನು ಶಾಲೆ ಬಿಡಿಸಿ ಕೂರಿಸುವುದು ಪರಿಹಾರವಲ್ಲ. ಒಬ್ಬರ ಕಲಿಕೆಯನ್ನು ಕಿತ್ತು ಇನ್ನೊಬ್ಬರಿಗೆ ಕೊಟ್ಟಂತೆ. ದುಡಿಯುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆಂದು ರಾಜ್ಯ ಸರ್ಕಾರ 2023ರಲ್ಲಿ 'ಕೂಸಿನ ಮನೆ' ಯೋಜನೆಯನ್ನು ಪ್ರಕಟಿಸಿತು. ಅದೇ ವರ್ಷ ಕೇಂದ್ರ ಸರ್ಕಾರ ಮೂರರಿಂದ ಎಂಟು ವರ್ಷದವರಿಗಾಗಿ ಆಟಿಕೆ, ಒಗಟು, ಬೊಂಬೆಗಳ 'ಜಾದೂಯಿ ಪಿಟಾರಾ' ಪೆಟ್ಟಿಗೆಯನ್ನು ಹೊರತಂದಿತು. ಗ್ರಾಮಸಭೆಯಲ್ಲಿ ಇವೆರಡನ್ನೂ ಕೇಳುವ ಹಕ್ಕು ಊರಿನವರಿಗಿದೆ. ಪೆಟ್ಟಿಗೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ.

ಮೊಬೈಲನ್ನು ಥಟ್ಟನೆ ಕಿತ್ತುಕೊಂಡರೆ ಮಗು ಅಳುತ್ತದೆ, ಎರಡನೆಯ ದಿನ ತಾಯಿಯೇ ಸೋಲುತ್ತಾಳೆ. ಬಿತ್ತನೆಗೆ ಮುಂಚೆ ಮನೆಯವರೆಲ್ಲ ಕುಳಿತು ಬೀಜದ ಕಾಯಿ ಒಡೆಯುವ ಸಂಜೆಯ ಒಂದು ಗಂಟೆಯಿಂದ ಆರಂಭಿಸಬಹುದು. ಆಗ ಎಲ್ಲರ ಮೊಬೈಲೂ, ಅಪ್ಪನದೂ ಸೇರಿ, ಗೂಡಿನಲ್ಲಿರಲಿ. ಬೀಜಕ್ಕೆ ಔಷಧ ಹಚ್ಚುವ ದಿನ ಮಾತ್ರ ಮಗುವನ್ನು ಅಜ್ಜಿಯೊಂದಿಗೆ ದೂರದ ಅಂಗಳಕ್ಕೆ ಕಳುಹಿಸಬೇಕು; ಔಷಧ ಹಚ್ಚಿದ ಬೀಜವಾಗಲಿ ಅದರ ಖಾಲಿ ಚೀಲವಾಗಲಿ ಮಗುವಿನ ಕೈಗೆ ಸಿಗಬಾರದು.